ಶಾಲೆ ಶುರುವಾದದ್ದು ಯಾವ ವರ್ಷ? ಪರಾಮರ್ಶನ ವಿಭಾಗದ ನೆರವಿನಿಂದ ನಡೆದ ಒಂದು ಹುಡುಕಾಟ

ಕರಾವಳಿಯಲ್ಲಿ ನೂರು ವರ್ಷ ದಾಟಿದ, ದಾಟುತ್ತಿರುವ ಶಾಲೆಗಳು ಹಲವು ಇವೆ. ಶತಮಾನೋತ್ಸವ ಮಾಡಬೇಕು ಅಂತ ಹಳೆ ವಿದ್ಯಾರ್ಥಿಗಳು ಸೇರಿದಾಗ ಮೊದಲು ಏಳುವ ಪ್ರಶ್ನೆ ಒಂದೇ. ಯಾವ ವರ್ಷದಿಂದ ನೂರು? ಅಂಥ ಒಂದು ಸಮಿತಿ ಮಂಗಳೂರಿನ ಸಾರ್ವಜನಿಕ ಗ್ರಂಥಾಲಯವೊಂದರ ಪರಾಮರ್ಶನ (ರೆಫರೆನ್ಸ್) ವಿಭಾಗಕ್ಕೆ ಹೋಗಿ ಉತ್ತರ ಹುಡುಕಿದ್ದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಸಮಿತಿಯ ಪರವಾಗಿ ಓಡಾಡಿದವರಲ್ಲಿ ನಾನೂ ಒಬ್ಬ. ಊರಿನ, ಮನೆತನಗಳ, ಸಿಬ್ಬಂದಿಯ ಹೆಸರು ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಶಾಲೆಯ ಇಸವಿಗಳನ್ನೂ ಸ್ವಲ್ಪ ಹಿಂದೆಮುಂದೆ ಮಾಡಿದ್ದೇನೆ. ಊರಿನ ಎರಡು ಮನೆಗಳನ್ನು ಚಾವಡಿಯ ಮನೆ, ಜಾಗದ ಮನೆ ಅಂತ ಕರೆಯುತ್ತೇನೆ.

ಹಿನ್ನೆಲೆ

ಬಂಟ್ವಾಳದ ಕಡೆ, ನೇತ್ರಾವತಿಯ ದಂಡೆಗೆ ಹತ್ತಿರದ ಊರು. ಅಲ್ಲೊಂದು ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅಲ್ಲಿ ಕಲಿತವರು ಮಂಗಳೂರು, ಮುಂಬೈ, ಗಲ್ಫ್ ಅಂತ ಹಂಚಿಹೋಗಿದ್ದಾರೆ. ಶತಮಾನೋತ್ಸವದ ನೆಪದಲ್ಲಿ ಎಲ್ಲರನ್ನೂ ಒಮ್ಮೆ ಸೇರಿಸಬೇಕು, ಎರಡು ಕೊಠಡಿ ಮತ್ತು ಒಳ್ಳೆಯ ಶೌಚಾಲಯ ಕಟ್ಟಬೇಕು ಎಂಬುದು ಸಮಿತಿಯ ಆಸೆ. ಸ್ಮರಣ ಸಂಚಿಕೆ, ಹೆಸರು ಕೆತ್ತಿದ ಕಲ್ಲು, ದಾನಿಗಳ ಪಟ್ಟಿ, ಎಲ್ಲಕ್ಕೂ ಆ ಇಸವಿಯೇ ಬುಡ.

ಇಸವಿ ಮಾತ್ರ ಒಂದಲ್ಲ, ನಾಲ್ಕು ಇದ್ದವು. ಶಾಲೆಯ ಬೋರ್ಡಿನಲ್ಲಿ ಸ್ಥಾಪನೆ 1926 ಅಂತ ಇತ್ತು. ಯಾರು ಬರೆಸಿದ್ದು, ಯಾವ ಆಧಾರದಿಂದ ಅಂತ ಯಾರಿಗೂ ಗೊತ್ತಿಲ್ಲ. ಪ್ರತಿ ಸಲ ಬಣ್ಣ ಹೊಡೆಯುವಾಗ ಹಳೆಯದನ್ನೇ ನೋಡಿ ಬರೆಯುತ್ತಾ ಬಂದದ್ದು. ಮಾಡಿನ ಒಂದು ಹಂಚಿನ ಮೇಲೆ 1865 ಅಂತ ಒತ್ತಿತ್ತು. ಊರಿನ ಕೆಲವರು ಅದನ್ನೇ ನಂಬಿದ್ದರು. ಚಾವಡಿಯ ಮನೆಯ ತೊಂಬತ್ತು ದಾಟಿದ ಅಜ್ಜಿ, "ಮಾರಿಬೊಳ್ಳಕ್ಕೆ ಮೊದಲೇ ನಮ್ಮ ಚಾವಡಿಯಲ್ಲಿ ಐಗಳು ಮಕ್ಕಳಿಗೆ ಕಲಿಸ್ತಿದ್ರು ಅಂತ ನನ್ನ ಅಮ್ಮ ಹೇಳ್ತಿದ್ರು" ಅಂದರು. ಮಾರಿಬೊಳ್ಳ ಅಂದರೆ ನಮ್ಮ ಕಡೆ ಹಿಂದೆ ಬಂದ ಮಹಾ ನೆರೆ, ಐಗಳು ಅಂದರೆ ಹಳೆ ಕಾಲದ ಊರ ಮೇಷ್ಟ್ರು. ಜಾಗದ ಮನೆಯವರದ್ದು ಇನ್ನೊಂದು ವಾದ. "ನಮ್ಮ ಅಜ್ಜ ಜಾಗ ಕೊಟ್ಟ ಮೇಲೆಯೇ ಅದು ಶಾಲೆ ಆದದ್ದು. ಅದಕ್ಕೆ ಮೊದಲು ಎಂತ ಇತ್ತು?" ದಾಖಲಾತಿ ಪುಸ್ತಕದ ಮೊದಲ ಸಂಪುಟ ನೋಡಿದರೆ ತೀರ್ಮಾನ ಆಗಬಹುದಿತ್ತು. ಅದನ್ನು ಒರಲೆ ತಿಂದು ಎಷ್ಟೋ ವರ್ಷ ಆಗಿದೆ.

ಇದು ಬರೀ ಲೆಕ್ಕದ ಜಗಳ ಆಗಿರಲಿಲ್ಲ. ಎರಡು ಮನೆಗಳ ಮಾನದ ಪ್ರಶ್ನೆ ಅದರಲ್ಲಿತ್ತು. ಆಮಂತ್ರಣದ ಡಿಟಿಪಿ ಆಗಿಹೋಗಿತ್ತು. ಅಧ್ಯಕ್ಷರು, "ಬೋರ್ಡಿನಲ್ಲಿ ಇದ್ದದ್ದು ಸಾಕು ಮಾರಾಯ್ರೆ, ಯಾರು ಕೇಳ್ತಾರೆ?" ಅಂದರು. ಸಮಿತಿಯಲ್ಲಿದ್ದ ನಿವೃತ್ತ ಮಾಸ್ಟ್ರು ಒಪ್ಪಲಿಲ್ಲ. ಕಲ್ಲಿನಲ್ಲಿ ಕೆತ್ತುವ ಮೊದಲು ಒಮ್ಮೆ ಹುಡುಕೋಣ, ಸಿಗದಿದ್ದರೆ ಬೋರ್ಡಿನದ್ದೇ ಇರಲಿ ಅಂತ ಪಟ್ಟು ಹಿಡಿದರು. ಆಮಂತ್ರಣ ನಿಂತಿತು. ಆ ದಿನ ಅದು ನಿಲ್ಲದೆ ಇದ್ದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಕೇಳಿದ್ದು ಒಂದು, ಬೇಕಾದದ್ದು ಇನ್ನೊಂದು

ಊರಿನ ಚರಿತ್ರೆಯೆಲ್ಲ ಬ್ರಿಟಿಷರ ಕಾಲದ ಜಿಲ್ಲಾ ಕೈಪಿಡಿ 'ಸೌತ್ ಕೆನರಾ ಮ್ಯಾನ್ಯುವಲ್'ನಲ್ಲಿ ಇದೆ ಅಂತ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು. ಹಾಗಾಗಿ ಮಾಸ್ಟ್ರು ಪರಾಮರ್ಶನ ವಿಭಾಗದ ಮೇಜಿನ ಮುಂದೆ ನಿಂತು ಕೇಳಿದ್ದು ಅದನ್ನೇ.

"ಸೌತ್ ಕೆನರಾ ಮ್ಯಾನ್ಯುವಲ್ ಬೇಕಿತ್ತು ಮೇಡಂ."

"ನೋಡುವ ಮಾಸ್ಟ್ರೇ. ಆದ್ರೆ ಎಂತಕ್ಕೆ ಅಂತ ಹೇಳಿದ್ರೆ ಒಳ್ಳೆದಿತ್ತು. ಬೇರೆ ಪುಸ್ತಕವೂ ಬೇಕಾದೀತು."

ನನ್ನ ಪ್ರಕಾರ ಇಡೀ ಪ್ರಕರಣದ ಮೊದಲ ತಿರುವು ಇದು. ಮೇಡಂ ಸುಮ್ನೆ ಪುಸ್ತಕ ತಂದು ಕೊಟ್ಟಿದ್ದರೆ ನಾವು ದಿನವಿಡೀ ಅದನ್ನು ಮಗುಚಿ, ಏನೂ ಸಿಗಲಿಲ್ಲ ಅಂತ ಬಸ್ ಹತ್ತುತ್ತಿದ್ದೆವು. ಸ್ಟರಾಕ್ ಬರೆದ ಮೊದಲ ಸಂಪುಟ ಅಚ್ಚಾದದ್ದು 1894ರಲ್ಲಿ. ಸ್ಟುವರ್ಟ್ ಮುಗಿಸಿದ ಎರಡನೆಯದು 1895ರಲ್ಲಿ. ಅದಾದ ಮೇಲೆ ಹುಟ್ಟಿದ ಶಾಲೆ ಅದರಲ್ಲಿ ಸಿಗಲು ಸಾಧ್ಯವೇ ಇಲ್ಲ. ಜಿಲ್ಲೆ ಆಗ ಹೇಗಿತ್ತು ಅಂತ ತಿಳಿಯಲು ಅದು ಬಹಳ ಒಳ್ಳೆಯ ಪುಸ್ತಕ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಪ್ರತಿ ಕೂಡ ಸಿಗುತ್ತದೆ. ನಮ್ಮ ಕೆಲಸಕ್ಕೆ ಮಾತ್ರ ಅದಲ್ಲ.

ವಿಷಯ ಎಲ್ಲ ಕೇಳಿದ ಮೇಲೆ ಮೇಡಂ ಒಂದು ಖಾಲಿ ಹಾಳೆ ತೆಗೆದರು. ಪ್ರತಿ ಹೇಳಿಕೆಯ ಎದುರು ಮೂರು ವಿಷಯ ಬರೆಸಿದರು. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಅವರಿಗೆ ಅದು ಹೇಗೆ ಗೊತ್ತು. ಆಮೇಲೆ ಕೇಳಿದರು, "ಶುರು ಅಂದ್ರೆ ನಿಮ್ಮ ಲೆಕ್ಕದಲ್ಲಿ ಯಾವುದು? ಮಕ್ಕಳು ಮೊದಲು ಕೂತದ್ದಾ, ಜಾಗ ಸಿಕ್ಕಿದ್ದಾ, ಸರ್ಕಾರ ಒಪ್ಪಿದ್ದಾ, ಕಟ್ಟಡ ಎದ್ದದ್ದಾ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅಷ್ಟು ದಿನ ಎರಡು ಮನೆಯವರು ಜಗಳ ಆಡುತ್ತಿದ್ದದ್ದು ಒಂದೇ ಪ್ರಶ್ನೆಗೆ ಅಲ್ಲ, ಎರಡು ಬೇರೆ ಪ್ರಶ್ನೆಗಳಿಗೆ. ಒಬ್ಬರು ಮಕ್ಕಳು ಕೂತ ದಿನದ ಬಗ್ಗೆ ಹೇಳುತ್ತಿದ್ದರು. ಇನ್ನೊಬ್ಬರು ಜಾಗ ಸಿಕ್ಕಿದ ದಿನದ ಬಗ್ಗೆ. ಇಬ್ಬರೂ ಸರಿ ಇರಬಹುದು!

ಗ್ರಂಥಾಲಯ ಅಂದರೆ ಪುಸ್ತಕ ಎರವಲು ತರುವ ಜಾಗ, ಪೇಪರ್ ಓದುವ ಜಾಗ, ಪರೀಕ್ಷೆಗೆ ಕೂತು ಓದುವ ಜಾಗ ಅಂತ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಹೀಗೆ ಎದುರು ಕೂರಿಸಿ, ಪ್ರಶ್ನೆಯನ್ನೇ ಬಿಡಿಸಿ, ದಾರಿ ತೋರಿಸುವುದೂ ಅದರ ಕೆಲಸ ಅಂತ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನನಗೆ ಇದು ತುಂಬ ಬೇಸರದ ವಿಷಯ. ಭಾರತದಲ್ಲಿ ಈ ಸೇವೆಗೆ ರೂಪ ಕೊಟ್ಟ ಎಸ್. ಆರ್. ರಂಗನಾಥನ್ ಗ್ರಂಥಪಾಲಕರಾಗುವ ಮೊದಲು ಗಣಿತದ ಮೇಷ್ಟ್ರು. 1917ರಲ್ಲಿ ಅವರು ಕೆಲಸಕ್ಕೆ ಸೇರಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಅಂದರೆ ಹಂಪನಕಟ್ಟದ ಈಗಿನ ಯೂನಿವರ್ಸಿಟಿ ಕಾಲೇಜಿನಲ್ಲಿ. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಿ ಎಂಬುದು. ಮೇಡಂ ಕೇಳಿದ "ಎಂತಕ್ಕೆ" ಎಂಬ ಒಂದು ಮಾತು ನಮ್ಮ ಎಷ್ಟು ಸಮಯ ಉಳಿಸಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಇದಕ್ಕೆ ನಾವು ದುಡ್ಡನ್ನೂ ಕೊಡುತ್ತಿದ್ದೇವೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿಯೇ ಬರುತ್ತದೆ. ಕೇಳಲು ಸಂಕೋಚ ಯಾಕೆ?

ಹಂಚು ಮತ್ತು ನೆರೆ

ಹಂಚಿನ ವಿಷಯ ಬೇಗ ಮುಗಿಯಿತು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಹಂಚಿನ ಮೇಲೆ ಇದ್ದದ್ದು ಕಾರ್ಖಾನೆ ಹುಟ್ಟಿದ ವರ್ಷ, ಆ ಹಂಚು ಸುಟ್ಟ ವರ್ಷ ಅಲ್ಲ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಹಾಗಾಗಿ ಮಿಷನ್ ಹೆಸರಿನ ಹಂಚು ಅದಕ್ಕಿಂತ ಹಳೆಯದು ಇರಬಹುದು ಅಂತ ಹೇಳಬಹುದು. ಆದರೆ ಹಳೆ ಮನೆ ಬಿಚ್ಚಿದಾಗ ಹಂಚು ಇನ್ನೊಂದು ಮಾಡಿಗೆ ಹೋಗುವುದು ನಮ್ಮ ಕಡೆ ಮಾಮೂಲು. ಮಾಡಿನ ಹಂಚು ಶಾಲೆಯ ವಯಸ್ಸು ಹೇಳುವುದಿಲ್ಲ.

ಮಾರಿಬೊಳ್ಳದ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಯಿತು. ಅಜ್ಜಿಯ ಮಾತು ನಿಂತದ್ದೇ ಅದರ ಮೇಲೆ. ಸಮಿತಿಯ ಒಬ್ಬ ಹುಡುಗ ಮೊಬೈಲ್‌ನಲ್ಲಿ ಹುಡುಕಿ 1924 ಅಂದ. ಅವನಿಗೆ ಸಿಕ್ಕಿದ್ದು ಕೇರಳದ ಮಹಾ ನೆರೆ. ಕೊಲ್ಲಂ ಶಕೆ 1099ರಲ್ಲಿ ಬಂದದ್ದರಿಂದ ಅಲ್ಲಿ ಅದನ್ನು 99ರ ನೆರೆ ಅಂತಲೇ ಕರೆಯುತ್ತಾರೆ. ಅದರ ಬಗ್ಗೆ ಬರೆದದ್ದು ಜಾಸ್ತಿ ಇರುವುದರಿಂದ ಹುಡುಕಿದಾಗ ಅದೇ ಮೊದಲು ಬರುತ್ತದೆ. ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರು ಮುಳುಗಿದ ಮಾರಿಬೊಳ್ಳ 1923ರದ್ದು. 1974ರಲ್ಲಿ ಇನ್ನೊಂದು ದೊಡ್ಡ ನೆರೆ ಬಂತು. ಊರಿನ ಕೆಲವರು ಈ ಎರಡನ್ನೂ ಬೆರೆಸಿ ಮಾತಾಡುತ್ತಿದ್ದರು.

ಪುಸ್ತಕದಲ್ಲಿ 1923 ಇದೆ, ಸರಿ. ಅಜ್ಜಿಯ ಅಮ್ಮ ಹೇಳಿದ್ದು ಅದೇ ನೆರೆಯ ಬಗ್ಗೆ ಅಂತ ಹೇಗೆ ಹೇಳುವುದು? ಆಗ ಮೇಡಂ ಕೇಳಿದರು, "ಆ ಮನೆಯಲ್ಲಿ ಹಳೆ ಲೆಕ್ಕದ ಪುಸ್ತಕ ಏನಾದ್ರೂ ಉಂಟಾ? ಗೇಣಿ, ಭತ್ತ, ಆಳುಗಳ ಕೂಲಿ ಬರೆದದ್ದು?"

ಇತ್ತು. ಅಟ್ಟದ ಪೆಟ್ಟಿಗೆಯಲ್ಲಿ, ಯಾರಿಗೂ ಬೇಡವಾಗಿ. ಅಕ್ಷರ ಓದಲು ಮಾಸ್ಟ್ರೇ ಕೂತರು. ರುಧಿರೋದ್ಗಾರಿ ಸಂವತ್ಸರದ ಆಟಿಯಲ್ಲಿ ಬೊಳ್ಳ ಬಂದು ಭತ್ತ ಹಾಳಾದ ಲೆಕ್ಕ ಅದರಲ್ಲಿತ್ತು. ಅದಕ್ಕೂ ಮೊದಲಿನ ಹಾಳೆಗಳಲ್ಲಿ, ದುಂದುಭಿ ಸಂವತ್ಸರದಲ್ಲಿ, ಐಗಳಿಗೆ ಕೊಟ್ಟ ಅಕ್ಕಿಯ ಲೆಕ್ಕ ಇತ್ತು.

ಸಂವತ್ಸರಕ್ಕೆ ಇಸವಿ ಹಚ್ಚುವುದು ಗ್ರಂಥಾಲಯದಲ್ಲಿ ನಾವು ಕಲಿತ ಕೆಲಸ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. 1983-84 ರುಧಿರೋದ್ಗಾರಿ. ಅದಕ್ಕಿಂತ ಅರವತ್ತು ವರ್ಷ ಹಿಂದೆ ಹೋದರೆ 1923-24. ಅದರ ಹಿಂದಿನದು ದುಂದುಭಿ, 1922-23. ಕೇರಳದ ನೆರೆ ಬಂದದ್ದು ರುಧಿರೋದ್ಗಾರಿಯಲ್ಲಿ ಅಲ್ಲ, ಮುಂದಿನ ರಕ್ತಾಕ್ಷಿಯಲ್ಲಿ. ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಅಲ್ಲಿಗೆ ಅನುಮಾನ ಉಳಿಯಲಿಲ್ಲ. ಚಾವಡಿಯಲ್ಲಿ ಐಗಳ ಶಾಲೆ ಇತ್ತು, ಅದು ಮಾರಿಬೊಳ್ಳಕ್ಕೆ ಮೊದಲೇ ಇತ್ತು. ಅಜ್ಜಿಯ ಅಮ್ಮ ಹೇಳಿದ ಮಾತು ಮನೆಯ ಅಟ್ಟದಲ್ಲೇ ಬರವಣಿಗೆಯಲ್ಲಿ ಸಿಕ್ಕಿತು. ಅದನ್ನು ತೆಗೆದು ನೋಡಬೇಕು ಎಂಬ ಯೋಚನೆ ಸಿಕ್ಕಿದ್ದು ಪರಾಮರ್ಶನದ ಮೇಜಿನಲ್ಲಿ.

ಕಪಾಟಿನ ಕೆಳಗಿನ ಸಂಚಿಕೆಗಳು

ಅಲ್ಲಿಂದ ಮುಂದೆ ಏನಾಯಿತು ಅಂತ ತಿಳಿಯಬೇಕಿತ್ತು. ಮದ್ರಾಸ್ ಪ್ರಾಂತ್ಯದ ಶಿಕ್ಷಣ ಇಲಾಖೆಯ ವಾರ್ಷಿಕ ವರದಿಗಳನ್ನು ನೋಡಿದೆವು. ಅವುಗಳಲ್ಲಿ ಜಿಲ್ಲೆಯ ಒಟ್ಟು ಲೆಕ್ಕ ಇರುತ್ತದೆ, ಹಳ್ಳಿಯ ಶಾಲೆಗಳ ಹೆಸರು ಇರುವುದಿಲ್ಲ. ಹಳೆ ಪತ್ರಿಕೆಗಳ ಯೋಚನೆಯೂ ಬಂತು. ಮಂಗಳೂರಿನ ನವಭಾರತ ದಿನಪತ್ರಿಕೆ ಶುರುವಾದದ್ದು 1941ರಲ್ಲಿ, ಮಣಿಪಾಲದ ಉದಯವಾಣಿ 1970ರಲ್ಲಿ. 1920ರ ದಶಕದ ಸುದ್ದಿಗೆ ಎರಡೂ ಆಗುವುದಿಲ್ಲ. ಶಾಲೆಯ ಬೆಳ್ಳಿಹಬ್ಬ ಆಗಿದ್ದರೆ ಅದರ ಸುದ್ದಿಯಿಂದ ಹಿಂದಕ್ಕೆ ಲೆಕ್ಕ ಹಾಕಬಹುದಿತ್ತು. ವಿಚಾರಿಸಿದರೆ, ಆಚರಿಸಿದ ನೆನಪು ಯಾರಿಗೂ ಇಲ್ಲ.

ಆಗ ಮೇಡಂ ಹೇಳಿದ್ದು, "ಬ್ರಹ್ಮಕಲಶದ ಸಂಚಿಕೆ ನೋಡಿದ್ರಾ?"

ನಮ್ಮ ಕಡೆ ದೇವಸ್ಥಾನದ ಬ್ರಹ್ಮಕಲಶೋತ್ಸವ ಅಂದರೆ ಸ್ಮರಣ ಸಂಚಿಕೆ ಇದ್ದೇ ಇರುತ್ತದೆ. ಅದರಲ್ಲಿ ಜಾಹೀರಾತು, ಶುಭಾಶಯ ಇರುತ್ತವೆ. ನಡುವೆ ಊರಿನ ಹಿರಿಯರು ಬರೆದ ಒಂದೆರಡು ಲೇಖನಗಳೂ ಇರುತ್ತವೆ. ಆ ಊರಿನ ಚರಿತ್ರೆಯನ್ನು ಬೇರೆ ಯಾರೂ ಬರೆದಿರುವುದಿಲ್ಲ. ಸ್ಥಳೀಯ ವಿಭಾಗದ ಕಪಾಟಿನ ಕೆಳಗೆ ಇಂಥ ಸಂಚಿಕೆಗಳನ್ನು ಕಟ್ಟು ಕಟ್ಟಾಗಿ ಇಟ್ಟಿದ್ದರು. ಕಂಪ್ಯೂಟರಿನ ಕ್ಯಾಟಲಾಗ್‌ನಲ್ಲಿ ಅವು ಇರಲಿಲ್ಲ. ಕೇಳದೆ ಇದ್ದಿದ್ದರೆ ಅವು ಇವೆ ಅಂತಲೇ ಗೊತ್ತಾಗುತ್ತಿರಲಿಲ್ಲ. ನೆಲದ ಮೇಲೆ ಕೂತು ಒಂದೊಂದೇ ಮಗುಚಿದೆವು. ಪಕ್ಕದ ಗ್ರಾಮದ ದೇವಸ್ಥಾನದ ಸಂಚಿಕೆಯೊಂದರಲ್ಲಿ, ಈಗ ತೀರಿಕೊಂಡಿರುವ ಅಧ್ಯಾಪಕರೊಬ್ಬರ ನೆನಪುಗಳು ಸಿಕ್ಕಿದವು. ಮಾರಿಬೊಳ್ಳದಲ್ಲಿ ಚಾವಡಿಗೆ ನೀರು ನುಗ್ಗಿದ ಮೇಲೆ ಐಗಳು ಮಕ್ಕಳನ್ನು ಸ್ವಲ್ಪ ಕಾಲ ದೇವಸ್ಥಾನದ ಪೌಳಿಯಲ್ಲಿ ಕೂರಿಸಿದರು, ಆಮೇಲೆ ಎತ್ತರದಲ್ಲಿ ಜಾಗ ಸಿಕ್ಕಿತು ಅಂತ ಅವರು ಬರೆದಿದ್ದರು.

ಮೇಡಂ ಇಲ್ಲಿ ಒಂದು ಶಿಸ್ತು ಹೇಳಿಕೊಟ್ಟರು. ಬೇಕಾದ ಪುಟದ ಫೋಟೋ ತೆಗೆಯುವ ಮೊದಲು ಸಂಚಿಕೆಯ ಮುಖಪುಟ, ಪ್ರಕಾಶಕರ ಹೆಸರು ಮತ್ತು ವರ್ಷ ಇರುವ ಪುಟ, ಈ ಎರಡರ ಫೋಟೋ ತೆಗೆಯಬೇಕು. ಪುಟ ಸಂಖ್ಯೆ ಬರೆದಿಡಬೇಕು. ಪರಾಮರ್ಶನದ ಪುಸ್ತಕ ಮನೆಗೆ ಕೊಡುವುದಿಲ್ಲ. ಹಾಗಾಗಿ ನಾಳೆ ಯಾರಾದರೂ "ಎಲ್ಲಿದೆ ತೋರಿಸಿ" ಅಂದರೆ ಈ ಗುರುತೇ ಆಧಾರ. ಸಂಚಿಕೆ ಅಚ್ಚಿಗೆ ಹೋಗುವಾಗ ಇದು ನಮಗೆ ಬಹಳ ಉಪಕಾರವಾಯಿತು.

ದಾನಪತ್ರ ಯಾರ ಹೆಸರಿನಲ್ಲಿ?

ಜಾಗ ದಾನ ಕೊಟ್ಟದ್ದಾದರೆ ಅದು ರಿಜಿಸ್ಟ್ರಿ ಆಗಿರಬೇಕು. ಸ್ಥಿರ ಆಸ್ತಿಯ ದಾನಕ್ಕೆ ನೋಂದಣಿ ಕಡ್ಡಾಯ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಸರಿನ ಸೂಚಿ, ಆಸ್ತಿಯ ಸೂಚಿ ಅಂತ ಎರಡು ಇರುತ್ತವೆ. ಹುಡುಕಲು ವರ್ಷದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ಮಾರಿಬೊಳ್ಳದ ನಂತರ, ಬೋರ್ಡಿನ 1926ರ ಒಳಗೆ ಅಂತ ಗೊತ್ತಾದ್ದರಿಂದ ನಮ್ಮ ಹುಡುಕಾಟ ಸಣ್ಣದಾಯಿತು.

ಆದರೂ ಸಿಗಲಿಲ್ಲ. ಜಾಗದ ಮನೆಯವರು ಹೇಳಿದ ಅಜ್ಜನ ಹೆಸರಿನಲ್ಲಿ ಸೂಚಿಯಲ್ಲಿ ಏನೂ ಇಲ್ಲ. ಅವರಿಗೆ ಅವಮಾನ ಆದ ಹಾಗಾಯಿತು. ಚಾವಡಿಯ ಮನೆಯ ಒಬ್ಬರು "ನಾವು ಮೊದಲೇ ಹೇಳಿರ್ಲಿಲ್ವಾ?" ಅಂತ ಅಂದೂಬಿಟ್ಟರು. ಸಮಿತಿ ಒಡೆಯುವ ಹಂತಕ್ಕೆ ಬಂದದ್ದು ಆಗಲೇ.

ಮಾಸ್ಟ್ರು ಮತ್ತೆ ಗ್ರಂಥಾಲಯಕ್ಕೆ ಹೋಗಿ ವಿಷಯ ಹೇಳಿದರು. ಮೇಡಂ ಕೇಳಿದ್ದು ಇಷ್ಟೇ. "ಅದು ಅಳಿಯಕಟ್ಟಿನ ಮನೆಯಾ?"

ಹೌದು. ಅಳಿಯಸಂತಾನದ ಕುಟುಂಬದಲ್ಲಿ ಆಸ್ತಿ ಇಳಿಯುವುದು ಹೆಣ್ಣಿನ ಕಡೆಯಿಂದ. ವ್ಯವಹಾರ ನೋಡಿಕೊಳ್ಳುವ ಯಜಮಾನ ಸಾಮಾನ್ಯವಾಗಿ ಗಂಡಸು, ಅಂದರೆ ಅಣ್ಣನೋ ಮಾವನೋ. ಯಜಮಾನ್ತಿಯ ಕೈಯಲ್ಲಿ ಆಡಳಿತ ಇರುವುದೂ ಉಂಟು. ಮೇಡಂ ಕಾನೂನು ಪುಸ್ತಕಗಳ ಕಪಾಟಿನಿಂದ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ಮೇಲಿನ ಪುಸ್ತಕ ತೆಗೆದು ಕೊಟ್ಟರು. ಅದಕ್ಕೆ ಮೊದಲು ಪದ್ಧತಿ ಹೇಗಿತ್ತು ಅಂತ ಅದರಲ್ಲೇ ವಿವರ ಇತ್ತು. ಜೊತೆಗೆ ಸ್ಪಷ್ಟವಾಗಿ ಹೇಳಿದರು, "ನಾನು ಪುಸ್ತಕ ತೋರಿಸಬಹುದು, ಕಾನೂನು ಸಲಹೆ ಕೊಡ್ಲಿಕ್ಕೆ ಆಗುವುದಿಲ್ಲ. ಬೇಕಾದ್ರೆ ವಕೀಲರನ್ನು ಕೇಳಿ." ಆ ಗೆರೆ ಅವರು ದಾಟಲಿಲ್ಲ. ನನಗೆ ಅದರಿಂದ ಅವರ ಮೇಲೆ ಇನ್ನೂ ಗೌರವ ಹೆಚ್ಚಾಯಿತು.

ಜಾಗದ ಮನೆಯವರು ತಮ್ಮ ವಂಶದ ಹಿರಿಯ ಹೆಂಗಸರ ಹೆಸರುಗಳನ್ನು ನೆನಪು ಮಾಡಿಕೊಂಡು ಪಟ್ಟಿ ಮಾಡಿದರು. ಆ ಹೆಸರುಗಳಲ್ಲಿ ಹುಡುಕಿದಾಗ ದಾನಪತ್ರ ಸಿಕ್ಕಿತು. 1925. ಕೊಟ್ಟವರು ಆ ಅಜ್ಜನ ಅಕ್ಕ, ಮನೆಯ ಯಜಮಾನ್ತಿ. ಅಜ್ಜನ ಹೆಸರು ಸಾಕ್ಷಿಗಳ ಸಾಲಿನಲ್ಲಿ ಇತ್ತು. ಆಕೆಯ ಹೆಸರಿನ ಎದುರು ಸಹಿ ಇರಲಿಲ್ಲ, ಹೆಬ್ಬೆಟ್ಟಿನ ಗುರುತು ಅಂತ ಬರೆದಿತ್ತು. ಓದು ಬರಹ ಬಾರದ ಹೆಂಗಸು ಊರಿನ ಮಕ್ಕಳು ಓದಲಿ ಅಂತ ಜಾಗ ಕೊಟ್ಟಿದ್ದಳು. ಅವಳ ಹೆಸರು ಊರಿನಲ್ಲಿ ಯಾರ ಬಾಯಲ್ಲೂ ಉಳಿದಿರಲಿಲ್ಲ. ಪ್ರತಿಯನ್ನು ಓದಿ ಮುಗಿಸಿದಾಗ ಜಾಗದ ಮನೆಯ ಹಿರಿಯರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಲ್ಲಿನಲ್ಲಿ ಅವರ ಹೆಸರೇ ಮೊದಲು ಬರ್ಲಿ" ಅಂದರು.

ಎಷ್ಟು ಸಿಕ್ಕಿದರೆ ಸಾಕು?

ಸರ್ಕಾರದ ಮಾನ್ಯತೆ ಯಾವಾಗ ಸಿಕ್ಕಿತು ಎಂಬುದು ಉಳಿದಿತ್ತು. ಸಂಬಂಧಪಟ್ಟ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಹತ್ತು ರೂಪಾಯಿ ಶುಲ್ಕ. ದಾಖಲೆ ಲಭ್ಯವಿಲ್ಲ ಅಂತ ಉತ್ತರ ಬಂತು. ನಮ್ಮ ಜಿಲ್ಲೆ 1956ರ ನವೆಂಬರ್ 1ರ ತನಕ ಮದ್ರಾಸಿಗೆ ಸೇರಿತ್ತು. ಆ ಕಾಲದ ಸರ್ಕಾರಿ ಕಡತಗಳನ್ನು ಹುಡುಕಬೇಕಾದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ದಾಖಲೆಗಳ ಭಂಡಾರಕ್ಕೆ ಹೋಗಬೇಕು. ಸಿಕ್ಕಿಯೇ ಸಿಗುತ್ತದೆ ಅಂತ ಹೇಳುವ ಹಾಗಿಲ್ಲ.

ಹೋಗಬೇಕಾ ಬೇಡವಾ ಅಂತ ಸಮಿತಿಯಲ್ಲಿ ಚರ್ಚೆ ಆಯಿತು. ಬೇಡ ಅಂತ ನಿರ್ಧಾರ ಮಾಡಿದೆವು. ಅದು ಸರಿ ಅಂತಲೇ ನನಗೆ ಈಗಲೂ ಅನ್ನಿಸುತ್ತದೆ. ನಾವು ಪಿಎಚ್‌ಡಿ ಮಾಡುತ್ತಿರಲಿಲ್ಲ. ಕಲ್ಲಿನಲ್ಲಿ ಸುಳ್ಳು ಬರೆಯಬಾರದು, ಅಷ್ಟೇ ಬೇಕಿತ್ತು. ಗೊತ್ತಾದದ್ದನ್ನು ಗೊತ್ತಾದಷ್ಟೇ ಬರೆಯುವುದು, ಮಾನ್ಯತೆಯ ವರ್ಷವನ್ನು ಕಲ್ಲಿನಲ್ಲಿ ಹಾಕದೆ ಬಿಡುವುದು ಅಂತ ಆಯಿತು. ಬೋರ್ಡಿನ 1926 ಮಾನ್ಯತೆಯದ್ದೋ ಕಟ್ಟಡದ್ದೋ ಇರಬಹುದು. ಊಹೆ ಅಂತಲೇ ಹೇಳಿ ಅದನ್ನು ಸಂಚಿಕೆಯಲ್ಲಿ ಬರೆದೆವು.

ಕಲ್ಲಿನಲ್ಲಿ ಎರಡು ಸಾಲು ಬಂತು. 1923ರ ಮಾರಿಬೊಳ್ಳಕ್ಕೂ ಮೊದಲು ಇಂಥ ಮನೆಯ ಚಾವಡಿಯಲ್ಲಿ ಐಗಳ ಶಾಲೆ ನಡೆಯುತ್ತಿತ್ತು. 1925ರಲ್ಲಿ ಇಂಥ ಯಜಮಾನ್ತಿ ಈ ಜಾಗವನ್ನು ಶಾಲೆಗೆ ದಾನ ಮಾಡಿದರು. ನೂರು ವರ್ಷವನ್ನು ದಾನಪತ್ರದಿಂದ ಎಣಿಸುವುದು ಅಂತ ಎರಡು ಮನೆಯವರೂ ಒಪ್ಪಿದರು. ಬೇಗ ಆಗಲಿ ಅಂತ ಮೊದಲು ಹೇಳಿದ್ದ ಅಧ್ಯಕ್ಷರೇ ಆಮಂತ್ರಣದ ಹಿಂಬದಿಯಲ್ಲಿ ಈ ಹುಡುಕಾಟದ ಬಗ್ಗೆ ನಾಲ್ಕು ಸಾಲು ಹಾಕಿಸಿದರು. ಅದನ್ನು ಓದಿದ ಮುಂಬೈಯ ಹಳೆ ವಿದ್ಯಾರ್ಥಿನಿಯರು ಒಂದು ಕೊಠಡಿಯ ಖರ್ಚನ್ನು ಆ ಯಜಮಾನ್ತಿಯ ಹೆಸರಿನಲ್ಲಿ ಕೊಟ್ಟರು.

ಇಂಥ ಕೆಲಸಕ್ಕೆ ಇಳಿಯುವ ಬೇರೆ ಸಮಿತಿಗಳಿಗೆ ಒಂದೆರಡು ಮಾತು. ಪರಾಮರ್ಶನ ವಿಭಾಗಕ್ಕೆ ಹೋಗುವಾಗ ಪುಸ್ತಕದ ಹೆಸರಿಗಿಂತ ಮೊದಲು ನಿಮ್ಮ ತೊಂದರೆ ಹೇಳಿ. ಮನೆಯಲ್ಲಿರುವ ಕಾಗದ, ಹಿರಿಯರ ಮಾತು, ಊರಿನ ಜಗಳ, ಎಲ್ಲವನ್ನೂ ಹೇಳಿ. ನಮಗೆ ಕೆಲಸಕ್ಕೆ ಬಾರದು ಅಂತ ಕಂಡದ್ದೇ ಅವರಿಗೆ ದಾರಿ ತೋರಿಸಬಹುದು. ಭಾನುವಾರ ಎಲ್ಲರೂ ಸೇರಿ ದಂಡಾಗಿ ಹೋಗಬೇಡಿ. ಜನ ಕಡಿಮೆ ಇರುವ ದಿನ ಇಬ್ಬರು ಹೋಗಿ, ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಎಲ್ಲೆಲ್ಲಿ ಹುಡುಕಿ ಸಿಗಲಿಲ್ಲ ಎಂಬುದನ್ನೂ ಬರೆದಿಡಿ. ನಾವು ಬರೆದಿಟ್ಟ ಆ ಪಟ್ಟಿ ಇಲ್ಲದಿದ್ದರೆ ಅಜ್ಜನ ಹೆಸರಿನಲ್ಲಿ ಎರಡನೇ ಸಲ ಶುಲ್ಕ ಕಟ್ಟುತ್ತಿದ್ದೆವು.

ಸ್ಮರಣ ಸಂಚಿಕೆಯ ಎರಡು ಪ್ರತಿ ಈಗ ಆ ಗ್ರಂಥಾಲಯದ ಸ್ಥಳೀಯ ಕಪಾಟಿನಲ್ಲಿ ಇದೆ. ಮೇಡಂ ಕೇಳಿಕೊಂಡ ಹಾಗೆ ಕೊನೆಯಲ್ಲಿ ಜನರ, ಮನೆಗಳ, ಊರುಗಳ ಹೆಸರಿನ ಸೂಚಿ ಹಾಕಿದ್ದೇವೆ. ಮಾನ್ಯತೆಯ ಕಡತದ ಬಗ್ಗೆ ಏನು ಕೇಳಬೇಕು, ಯಾವ ವರ್ಷಗಳಲ್ಲಿ ನೋಡಬೇಕು ಅಂತ ಒಂದು ಹಾಳೆ ಬರೆದು ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಕೊಟ್ಟಿದ್ದೇವೆ. ಊರಿನವರು ಯಾರಾದರೂ ಬೇರೆ ಕೆಲಸಕ್ಕೆ ಚೆನ್ನೈಗೆ ಹೋದರೆ ಆ ಹಾಳೆ ಹಿಡಿದು ಎಗ್ಮೋರಿಗೂ ಹೋಗಿ ಬರಬಹುದು.